ಯಾರ ಬಣಕ್ಕೂ ಸೇರದೆ ಎಲ್ಲರ ಜೊತೆ ವ್ಯವಹಾರ: ಭಾರತಕ್ಕೆ ಇದು ಸರಿಯಾದ ದಾರಿಯೇ? (ಪರ-ವಿರೋಧ)

2025ರ ಆಗಸ್ಟ್ 27ರಿಂದ ಅಮೆರಿಕಕ್ಕೆ ಹೋಗುವ ನಮ್ಮ ಸರಕಿನ ಮೇಲೆ ಶೇ 50 ಸುಂಕ ಬಿತ್ತು. ಅದರಲ್ಲಿ ಅರ್ಧ, ರಷ್ಯಾದಿಂದ ಕಚ್ಚಾ ತೈಲ ಕೊಂಡಿದ್ದಕ್ಕೆ ಹಾಕಿದ ದಂಡ. ತಿರುಪ್ಪೂರಿನ ಬನಿಯನ್, ಆಂಧ್ರದ ಸೀಗಡಿ, ಸೂರತ್ತಿನ ವಜ್ರ, ಎಲ್ಲಕ್ಕೂ ಪೆಟ್ಟು. ಆದರೆ ಕೋಲಾರದ ನರಸಾಪುರದಲ್ಲಿ ಜೋಡಿಸುವ ಐಫೋನಿಗೆ ಏನೂ ಆಗಲಿಲ್ಲ. ಮೊಬೈಲ್ ಫೋನನ್ನು ಅಮೆರಿಕ ಮೊದಲೇ ಸುಂಕದ ಪಟ್ಟಿಯಿಂದ ಹೊರಗಿಟ್ಟಿತ್ತು. ಫೋನಿನ ಬೆಲೆ ಏರಿದರೆ ಬೈಯುವವರು ಅವರದೇ ಮತದಾರರು ಅಲ್ವಾ? ತೈಲದ ವಿಷಯದಲ್ಲಿ ಅಷ್ಟೊಂದು ಜೋರಾಗಿದ್ದ ತತ್ವ ಫೋನಿನ ಹತ್ತಿರ ಬಂದಾಗ ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು.

ಚಿಂತಾಮಣಿ, ಶಿಡ್ಲಘಟ್ಟದ ನಮ್ಮ ಕಡೆ ಇದರ ಬಗ್ಗೆ ಎರಡು ಥರದ ಮಾತು ಕೇಳಿಸುತ್ತದೆ. ಎಲ್ಲ ದೇಶಗಳೂ ಹೀಗೇ ಇರುವಾಗ ನಾವು ಯಾರ ಬಣಕ್ಕೂ ಸೇರದೆ ಲಾಭ ಇದ್ದ ಕಡೆ ಹೋಗುವುದೇ ಸರಿ ಅನ್ನುವವರು ಒಂದು ಕಡೆ. ಎಲ್ಲರ ಜೊತೆ ಇದ್ದೇವೆ ಅಂದುಕೊಂಡು ಕೊನೆಗೆ ಯಾರೂ ಜೊತೆಗಿಲ್ಲದ ಹಾಗೆ ಆಗುತ್ತಿದೆ, ಬಂದ ಲಾಭವೂ ನಮ್ಮ ತನಕ ಬರುತ್ತಿಲ್ಲ ಅನ್ನುವವರು ಇನ್ನೊಂದು ಕಡೆ. ಎರಡನ್ನೂ ಅವರವರು ವಾದ ಮಾಡುವಷ್ಟೇ ಜೋರಾಗಿ ಬರೆಯುತ್ತೇನೆ. ನಾನು ಯಾವ ಕಡೆ ವಾಲುತ್ತೇನೆ ಅಂತ ಓದುತ್ತಾ ಗೊತ್ತಾಗುತ್ತದೆ, ಮುಚ್ಚಿಡುವುದಿಲ್ಲ.

ಪರ

ಹಳೇ ಲೆಕ್ಕದಿಂದ ಶುರು ಮಾಡೋಣ. 1965, 66ರಲ್ಲಿ ದೇಶದಲ್ಲಿ ಸಾಲಾಗಿ ಎರಡು ವರ್ಷ ಬರ. ಪಿಎಲ್-480 ಅನ್ನುವ ಕಾನೂನಿನಡಿ ಅಮೆರಿಕದಿಂದ ಗೋಧಿ ಬರುತ್ತಿತ್ತು. ಅದೇ ಹೊತ್ತಿಗೆ ವಿಯೆಟ್ನಾಂ ಮೇಲೆ ಅಮೆರಿಕ ಬಾಂಬ್ ಹಾಕುವುದನ್ನು ಭಾರತ ಟೀಕಿಸಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಏನು ಮಾಡಿದರು? ಗೋಧಿ ನಿಲ್ಲಿಸಲಿಲ್ಲ, ಆದರೆ ಒಟ್ಟಿಗೆ ಕಳಿಸುವುದನ್ನು ಬಿಟ್ಟು ಸ್ವಲ್ಪ ಸ್ವಲ್ಪವೇ ಬಿಡಲು ಶುರು ಮಾಡಿದರು. ಮುಂದಿನ ಹಡಗು ಬರುತ್ತದೋ ಇಲ್ಲವೋ ಅಂತ ದೆಹಲಿ ಕಾಯುತ್ತಾ ಕೂರಬೇಕಾಯಿತು. ಹಸಿದ ದೇಶದ ಬಾಯಿ ಮುಚ್ಚಿಸಲು ಸೈನ್ಯ ಬೇಕಾಗಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಹಸಿರು ಕ್ರಾಂತಿಗೆ ಸರ್ಕಾರ ಅಷ್ಟು ಅರ್ಜೆಂಟ್ ಮಾಡಿದ್ದರ ಹಿಂದೆ ಈ ಅವಮಾನವೂ ಇತ್ತು.

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಅದೇ ಅಮೆರಿಕ ಏಳನೇ ನೌಕಾಪಡೆಯ ಎಂಟರ್‌ಪ್ರೈಸ್ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ನಮ್ಮ ಬೆನ್ನಿಗಿದ್ದದ್ದು ಆ ವರ್ಷದ ಆಗಸ್ಟ್‌ನಲ್ಲಿ ಸಹಿ ಮಾಡಿದ್ದ ಸೋವಿಯತ್ ಒಪ್ಪಂದ. ಹಾಗಂತ ರಷ್ಯಾವನ್ನೇ ಶಾಶ್ವತ ಗೆಳೆಯ ಅಂತ ಅಪ್ಪಿಕೊಂಡರೆ ಅದೂ ಕೆಟ್ಟಿತು. 1990ರ ದಶಕದ ಶುರುವಿನಲ್ಲಿ ರಾಕೆಟ್ಟಿಗೆ ಬೇಕಾದ ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನ ಕೊಡುತ್ತೇವೆ ಅಂತ ಒಪ್ಪಂದ ಮಾಡಿಕೊಂಡ ರಷ್ಯಾ, 1993ರಲ್ಲಿ ಅಮೆರಿಕದ ಒತ್ತಡಕ್ಕೆ ಬಗ್ಗಿ, ಎಂಜಿನ್ ಮಾತ್ರ ಕೊಡುತ್ತೇವೆ, ಅದನ್ನು ಮಾಡುವ ವಿದ್ಯೆ ಕೊಡುವುದಿಲ್ಲ ಅಂದುಬಿಟ್ಟಿತು. ಇಸ್ರೊ ತನ್ನದೇ ಎಂಜಿನ್ ಮಾಡಿ ಜಿಎಸ್‌ಎಲ್‌ವಿಯನ್ನು ಯಶಸ್ವಿಯಾಗಿ ಹಾರಿಸಿದ್ದು 2014ರ ಜನವರಿಯಲ್ಲಿ. ಅಂದರೆ ಗೆಳೆಯನ ಕೈ ನಂಬಿದ್ದಕ್ಕೆ ಇಪ್ಪತ್ತು ವರ್ಷ ಹೋಯಿತು.

ಭರವಸೆಯ ಕಾಗದ ಇಟ್ಟುಕೊಂಡವರ ಕಥೆ ಬೇಕಿದ್ದರೆ ಉಕ್ರೇನನ್ನೇ ನೋಡಿ. 1994ರ ಬುಡಾಪೆಸ್ಟ್ ಒಪ್ಪಂದದಲ್ಲಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಅದು ಒಪ್ಪಿತು. ನಿನ್ನ ಗಡಿ ಮುಟ್ಟುವುದಿಲ್ಲ ಅಂತ ಅಮೆರಿಕ, ಬ್ರಿಟನ್, ರಷ್ಯಾ ಮೂರೂ ಸಹಿ ಹಾಕಿದವು. 2014ರಲ್ಲಿ ಕ್ರಿಮಿಯಾ ಹೋಯಿತು. 2022ರ ಫೆಬ್ರುವರಿ 24ರಂದು ಟ್ಯಾಂಕ್‌ಗಳು ಒಳಗೆ ಬಂದವು.

ಆ ಯುದ್ಧ ಶುರುವಾದಾಗ ಭಾರತ ಯಾರ ಪರವೂ ನಿಲ್ಲಲಿಲ್ಲ ಅಂತ ಬೈದವರು ಜಾಸ್ತಿ. ಆದರೆ ಉಕ್ರೇನಿನಲ್ಲಿ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಸಾವಿರಗಟ್ಟಲೆ ಸಿಕ್ಕಿಕೊಂಡಿದ್ದರು, ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಖಾರ್ಕಿವ್‌ನಲ್ಲಿ ಸತ್ತೇ ಹೋದ. ಸುಮಿ ನಗರದಲ್ಲಿದ್ದ ಸುಮಾರು 700 ಮಕ್ಕಳನ್ನು ಹೊರಗೆ ತರಲು ಪುಟಿನ್ ಜೊತೆಗೂ ಝೆಲೆನ್‌ಸ್ಕಿ ಜೊತೆಗೂ ಒಂದೇ ದಿನ ಫೋನಿನಲ್ಲಿ ಮಾತಾಡಬೇಕಾಯಿತು. ಎರಡೂ ಕಡೆ ಫೋನ್ ಎತ್ತುವಂಥ ಸಂಬಂಧ ಉಳಿಸಿಕೊಂಡಿದ್ದಕ್ಕೆ ಅದಾಯಿತು. ಒಂದು ಬಣಕ್ಕೆ ಸೇರಿದವರಿಗೆ ಈ ಸೌಲಭ್ಯ ಇರುವುದಿಲ್ಲ.

ಇನ್ನು ತೈಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರಬೇಕು. 2022ರ ಮಾರ್ಚಿನಲ್ಲಿ ಬೆಲೆ ಬ್ಯಾರೆಲ್‌ಗೆ 130 ಡಾಲರ್ ದಾಟಿತ್ತು. ಯುದ್ಧಕ್ಕೆ ಮುಂಚೆ ನಾವು ಕೊಳ್ಳುವ ತೈಲದಲ್ಲಿ ರಷ್ಯಾದ ಪಾಲು ಶೇ 2ರ ಆಸುಪಾಸು, ಆಮೇಲೆ ಅಗ್ಗಕ್ಕೆ ಸಿಕ್ಕಿದ್ದರಿಂದ ಅದು ಮೂರನೇ ಒಂದು ಪಾಲನ್ನೂ ದಾಟಿತು. ಪಶ್ಚಿಮದವರು ಪಾಪದ ತೈಲ ಅಂದರು. ಸರಿ, ನಾವು ಅದನ್ನು ಬಿಟ್ಟು ಗಲ್ಫ್ ತೈಲಕ್ಕೆ ಮುಗಿಬಿದ್ದಿದ್ದರೆ ಬೆಲೆ ಯಾರಿಗೆ ಏರುತ್ತಿತ್ತು? ಯುರೋಪಿಗೂ ಏರುತ್ತಿತ್ತು. ಅದಕ್ಕೇ ಶ್ರೀಮಂತ ದೇಶಗಳು 2022ರ ಡಿಸೆಂಬರ್‌ನಲ್ಲಿ ರಷ್ಯಾದ ತೈಲಕ್ಕೆ ಬ್ಯಾರೆಲ್‌ಗೆ 60 ಡಾಲರಿನ ಬೆಲೆ ಮಿತಿ ಹಾಕಿದವು. ತೈಲ ಮಾರುಕಟ್ಟೆಗೆ ಬರುತ್ತಲೂ ಇರಲಿ, ರಷ್ಯಾಕ್ಕೆ ದುಡ್ಡು ಕಮ್ಮಿ ಹೋಗಲಿ ಅನ್ನುವುದು ಅವರ ಲೆಕ್ಕ. ಅತ್ತ ಯುರೋಪ್ ರಷ್ಯಾದ ಗ್ಯಾಸ್ ಕೊಳ್ಳುತ್ತಲೇ ಇತ್ತು. ತಮ್ಮ ಮನೆ ಬೆಚ್ಚಗಿರಬೇಕು, ನಮಗೆ ಮಾತ್ರ ಉಪದೇಶ! ಆ ಜೂನ್‌ನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಬ್ರಾಟಿಸ್ಲಾವಾದಲ್ಲಿ ಕೂತು, ತನ್ನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ತನ್ನದಲ್ಲ ಅನ್ನುವ ಯೋಚನೆಯಿಂದ ಯುರೋಪ್ ಹೊರಬರಬೇಕು ಅಂತ ಮುಖಕ್ಕೆ ಹೇಳಿದ ಮಾತು ಇಲ್ಲಿ ವಾಟ್ಸಾಪಿನಲ್ಲಿ ಅಷ್ಟೊಂದು ಓಡಾಡಿದ್ದು ಸುಮ್ನೆ ಅಲ್ಲ.

ಬೇರೆಯವರೂ ಇದನ್ನೇ ಮಾಡುತ್ತಿದ್ದಾರೆ. ವಿಯೆಟ್ನಾಂ 2023ರ ಸೆಪ್ಟೆಂಬರ್‌ನಲ್ಲಿ ಬೈಡನ್‌ಗೆ, ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್‌ಗೆ, 2024ರ ಜೂನ್‌ನಲ್ಲಿ ಪುಟಿನ್‌ಗೆ ಕೆಂಪು ಹಾಸು ಹಾಸಿತು. ಟರ್ಕಿ ನ್ಯಾಟೊ ಬಣದಲ್ಲಿದ್ದುಕೊಂಡೇ ಉಕ್ರೇನಿಗೆ ಡ್ರೋನ್ ಮಾರಿತು, ರಷ್ಯಾದಿಂದ ಎಸ್-400 ಅನ್ನುವ ವಾಯು ರಕ್ಷಣಾ ಕ್ಷಿಪಣಿ ವ್ಯವಸ್ಥೆ ಕೊಂಡಿತು. ಇಲ್ಲೊಂದು ತಮಾಷೆ ಇದೆ. ಎಸ್-400 ನಾವೂ ಕೊಂಡೆವು, 2018ರಲ್ಲಿ, 543 ಕೋಟಿ ಡಾಲರಿಗೆ. ಬಣದೊಳಗಿದ್ದ ಟರ್ಕಿಯನ್ನು ಅಮೆರಿಕ ಎಫ್-35 ಯುದ್ಧವಿಮಾನದ ಯೋಜನೆಯಿಂದಲೇ ಹೊರಹಾಕಿ ನಿರ್ಬಂಧ ಹೇರಿತು. ಬಣದ ಹೊರಗಿದ್ದ ನಮ್ಮ ಮೇಲೆ ಅಂಥ ನಿರ್ಬಂಧ ಬೀಳಲಿಲ್ಲ.

ನಮ್ಮ ಸುತ್ತಮುತ್ತ ನೋಡಿದರೂ ಇದೇ ಕಾಣುತ್ತದೆ. ತುಮಕೂರಿನ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತು. ಅಲ್ಲಿ ಮಾಡುವ ಲಘು ಹೆಲಿಕಾಪ್ಟರಿನ ಎಂಜಿನ್ ಫ್ರಾನ್ಸಿನವರ ಜೊತೆ ಸೇರಿ ಮಾಡಿದ್ದು. ತೇಜಸ್ ವಿಮಾನಕ್ಕೆ ಅಮೆರಿಕದ ಎಂಜಿನ್, ಬ್ರಹ್ಮೋಸ್ ಕ್ಷಿಪಣಿ ರಷ್ಯಾದ ಜೊತೆ. 2021ರಲ್ಲಿ ಆರ್ಡರ್ ಕೊಟ್ಟ ಅಮೆರಿಕದ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಬಂದಿದ್ದು 2025ರಲ್ಲಿ. ಎಲ್ಲವನ್ನೂ ಅವರ ಹತ್ತಿರವೇ ಇಟ್ಟಿದ್ದರೆ ನಮ್ಮ ವಾಯುಪಡೆಯ ಗತಿ ಏನಾಗುತ್ತಿತ್ತು?

ಕೆಜಿಎಫ್‌ ವಿಷಯ ಹೇಳದೆ ಮುಂದೆ ಹೋದರೆ ಕೋಲಾರದವರು ಬಿಡುವುದಿಲ್ಲ. ಜಾನ್ ಟೇಲರ್ ಕಂಪನಿ ಬಂದ 1880ರಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವ ತನಕ ಅಲ್ಲಿಂದ ಸುಮಾರು 800 ಟನ್ ಚಿನ್ನ ಬಂತು ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಅದರ ದಾರಿ ಲಂಡನ್ನಿಗೆ. 2022ರಲ್ಲಿ ಪಶ್ಚಿಮದ ದೇಶಗಳು ತಮ್ಮ ಬ್ಯಾಂಕುಗಳಲ್ಲಿದ್ದ ರಷ್ಯಾದ ಸುಮಾರು 30,000 ಕೋಟಿ ಡಾಲರನ್ನು ಮುಟ್ಟಗೊಡದ ಹಾಗೆ ಮಾಡಿದವು. ಅದನ್ನು ನೋಡಿದ ಎಷ್ಟೋ ದೇಶಗಳು ಚಿನ್ನ ಕೊಂಡು ತಮ್ಮ ಮನೆಯಲ್ಲೇ ಇಟ್ಟುಕೊಳ್ಳಲು ಶುರು ಮಾಡಿದವು. ನಮ್ಮ ರಿಸರ್ವ್ ಬ್ಯಾಂಕ್ ಕೂಡ 2023-24ರಲ್ಲಿ ಬ್ರಿಟನ್ನಿನಲ್ಲಿಟ್ಟಿದ್ದ 100 ಟನ್ ಚಿನ್ನವನ್ನು ವಾಪಸ್ ತಂದಿತು. ಇದು ಯಾರ ಮೇಲೂ ದ್ವೇಷ ಅಲ್ಲ. ನಾಳೆ ಯಾರ ಸರದಿಯೋ ಗೊತ್ತಿಲ್ಲದಿದ್ದರೆ ಬುದ್ಧಿ ಇರುವವರು ಮಾಡುವುದು ಇದನ್ನೇ.

ವಿರೋಧ

ಮೇಲಿನದ್ದನ್ನೆಲ್ಲ ಓದಿ ತಲೆಯಾಡಿಸಿದಿರಾ? ಒಳ್ಳೆಯದು. ಹಾಗಾದರೆ ಆ ಅಗ್ಗದ ತೈಲದ ದುಡ್ಡು ಯಾರ ಜೇಬಿಗೆ ಹೋಯಿತು ಹೇಳಿ.

ಪೆಟ್ರೋಲ್ ಬಂಕಿನ ಬೆಲೆ 2022ರ ಮೇ ತಿಂಗಳಲ್ಲಿ ಕೇಂದ್ರ ತೆರಿಗೆ ಇಳಿಸಿದ ಮೇಲೆ ಹೆಚ್ಚು ಕಡಿಮೆ ಅಲ್ಲೇ ನಿಂತಿತು. ಮುಂದಿನ ಇಳಿಕೆ 2024ರ ಮಾರ್ಚಿನಲ್ಲಿ, ಲೋಕಸಭೆ ಚುನಾವಣೆಗೆ ಮುಂಚೆ, 2 ರೂಪಾಯಿ. ನಡುವಿನ 2023-24ರಲ್ಲಿ ಸರ್ಕಾರದ ಮೂರು ತೈಲ ಕಂಪನಿಗಳ ಲಾಭ ಒಟ್ಟಿಗೆ 80,000 ಕೋಟಿ ರೂಪಾಯಿ ದಾಟಿತು. ಯುದ್ಧದ ಮೊದಲ ತಿಂಗಳುಗಳಲ್ಲಿ ಅವು ನಷ್ಟ ನುಂಗಿದ್ದವು, ಅದನ್ನೂ ಹೇಳಬೇಕು. ಖಾಸಗಿ ಸಂಸ್ಕರಣೆಯವರು ರಷ್ಯಾದ ತೈಲ ತಂದು ಡೀಸೆಲ್ ಮಾಡಿ ಅದೇ ಯುರೋಪಿಗೆ ಮಾರಿದರು. ಲಾಭ ಬಂತು, ಸುಳ್ಳಲ್ಲ. ಆದರೆ ಬಾಗೇಪಲ್ಲಿಯಿಂದ ಟ್ರ್ಯಾಕ್ಟರ್‌ನಲ್ಲಿ ಶೇಂಗಾ ತರುವವನಿಗೆ ಡೀಸೆಲ್ ಲೀಟರಿಗೆ ಎಷ್ಟು ಇಳಿಯಿತು? ಆಮೇಲೆ 50 ಪರ್ಸೆಂಟ್ ಸುಂಕ ಬಂದಾಗ ಕೆಲಸ ಹೋದದ್ದು ಗಾರ್ಮೆಂಟ್ಸ್‌ನವರದ್ದು, ಸೀಗಡಿ ಬಿಡಿಸುವ ಹೆಂಗಸರದ್ದು. ಲಾಭ ಪಡೆದವರೇ ಬೇರೆ, ದಂಡ ಕಟ್ಟಿದವರೇ ಬೇರೆ.

ಇದು ಹೊಸದೇನಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯವರನ್ನು 2011ರ ಬಗ್ಗೆ ಕೇಳಿ. ಆ ವರ್ಷದ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗಕ್ಕೆ ಸಿಗಲಿ, ನೇಕಾರರು ಉಳಿಯಲಿ ಅನ್ನುವುದು ವಾದ. ವಾರಾಣಸಿ ನೇಕಾರನಿಗೆ ಅದು ನಿಜವಾಗಿಯೂ ಬೇಕಿತ್ತು, ಅವನ ತಪ್ಪಲ್ಲ. ಆದರೆ ಇಲ್ಲಿ ಗೂಡಿನ ಬೆಲೆ ಬಿತ್ತು, ರೈತರು ಬೀದಿಗಿಳಿದರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಕೈ ಚೆಲ್ಲಿದರು. 2013ರಲ್ಲಿ ಸುಂಕವನ್ನು ಮತ್ತೆ 15ಕ್ಕೆ ಏರಿಸಿದರು. ಎರಡು ಸಲವೂ ಹೇಳಿದ್ದು ದೇಶದ ಹಿತ ಅಂತಲೇ. ಅಷ್ಟರಲ್ಲಿ ಹಿಪ್ಪುನೇರಳೆ ಕಿತ್ತವನಿಗೆ ತೋಟ ಮತ್ತೆ ಎಬ್ಬಿಸಲು ವರ್ಷ ಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ಗುಲಾಬಿ ಈರುಳ್ಳಿ ವಿಷಯಕ್ಕೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಸಣ್ಣ, ಖಾರ ಜಾಸ್ತಿ ಇರುವ, ಗಾಢ ಬಣ್ಣದ ಈರುಳ್ಳಿ ಇದು. ಬೆಂಗಳೂರು ರೋಸ್ ಅಂತ 2015ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಇದನ್ನು ಇಲ್ಲಿ ಯಾರೂ ಅಷ್ಟಾಗಿ ಕೊಳ್ಳುವುದಿಲ್ಲ, ಸುಲಿಯಲು ಕೈ ನೋಯುತ್ತದೆ ಅಂತಾರೆ. ಹೋಗುವುದು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾಕ್ಕೆ. ಇದರ ರಫ್ತು ನಿಲ್ಲಿಸಿದರೆ ದೆಹಲಿಯ ಅಡುಗೆಮನೆಗೆ ಒಂದು ಗಡ್ಡೆಯೂ ಜಾಸ್ತಿ ಸಿಗುವುದಿಲ್ಲ. ಆದರೂ 2023ರ ಆಗಸ್ಟ್‌ನಲ್ಲಿ ಎಲ್ಲ ಈರುಳ್ಳಿಗೆ ಶೇ 40 ರಫ್ತು ಸುಂಕ ಹಾಕಿದಾಗ ಇದಕ್ಕೂ ಬಿತ್ತು. ಗಲಾಟೆ ಆದ ಮೇಲೆ ಸೆಪ್ಟೆಂಬರ್ ಕೊನೆಗೆ ವಿನಾಯಿತಿ. ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ, ಇದೂ ಸೇರಿ. ಮೇ ತಿಂಗಳಲ್ಲಿ ನಿಷೇಧ ತೆಗೆದರು, ಆದರೆ ಮತ್ತೆ ಶೇ 40 ಸುಂಕ. ಅದೇ ಮೇ ಕೊನೆಗೆ ಇನ್ನೊಮ್ಮೆ ವಿನಾಯಿತಿ, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ತರಬೇಕು ಅನ್ನುವ ಷರತ್ತಿನ ಮೇಲೆ. ಒಂದೇ ಬೆಳೆಗೆ ಒಂಬತ್ತು ತಿಂಗಳಲ್ಲಿ ಇಷ್ಟು ಆಟ.

ಈಗ ಭೂರಾಜಕೀಯದ ಭಾಗಕ್ಕೆ ಬರೋಣ. ನಿಷೇಧ ಜಾರಿಯಲ್ಲಿದ್ದಾಗಲೇ 2024ರ ಮಾರ್ಚಿನಲ್ಲಿ ಬಾಂಗ್ಲಾದೇಶಕ್ಕೆ 50,000 ಟನ್, ಯುಎಇಗೆ 14,400 ಟನ್ ಈರುಳ್ಳಿ ಕಳಿಸಲು ಸರ್ಕಾರ ಒಪ್ಪಿತು. ಗೆಳೆಯ ದೇಶಗಳಿಗೆ ಕೊಡುಗೆ. ಏಪ್ರಿಲ್‌ನಲ್ಲಿ ಗುಜರಾತಿನ ಬಿಳಿ ಈರುಳ್ಳಿ 2,000 ಟನ್ ಹೊರಗೆ ಹೋಗಲು ಅನುಮತಿ ಕೊಟ್ಟಾಗ ಮಹಾರಾಷ್ಟ್ರದವರು ಕೆಂಡಾಮಂಡಲ ಆದರು. ಯಾವ ದೇಶಕ್ಕೆ ಎಷ್ಟು ಅಂತ ದೆಹಲಿಯಲ್ಲಿ ಕೂತು ಲೆಕ್ಕ ಹಾಕುತ್ತಾರೆ, ಗೌರಿಬಿದನೂರಿನಲ್ಲಿ ಬೆಳೆ ಹೊಲದಲ್ಲಿ ಕೊಳೆಯುತ್ತದೆ. ಕೊಳ್ಳುವವರೂ ಸುಮ್ಮನೆ ಕಾಯುವುದಿಲ್ಲ. ಇವತ್ತು ಕೊಟ್ಟು ನಾಳೆ ಬಾಗಿಲು ಹಾಕುವ ದೇಶವನ್ನು ಕೊಲಂಬೊದ, ಪೆನಾಂಗಿನ ವ್ಯಾಪಾರಿ ಎಷ್ಟು ದಿನ ನಂಬುತ್ತಾನೆ? ನಮ್ಮ ಮೇಲೆ ಅಮೆರಿಕ ದಿಢೀರ್ ಅಂತ ಸುಂಕ ಹಾಕಿದಾಗ ನಮಗೆ ಬಂದ ಸಿಟ್ಟೇ ಅವರಿಗೂ ಬರುತ್ತದೆ.

ಯಾರ ಮಾತಿಗೂ ಬಗ್ಗುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಇರಾನ್ ನಮಗೆ ತೈಲ ಕೊಡುವ ದೊಡ್ಡ ದೇಶಗಳಲ್ಲಿ ಒಂದಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ತನ್ನ ನಿರ್ಬಂಧದಿಂದ ನಮಗೆ ಕೊಟ್ಟಿದ್ದ ವಿನಾಯಿತಿ ತೆಗೆದ ಕೂಡಲೇ ನಿಲ್ಲಿಸಿದೆವು. ಆಗ ಸ್ವಾಯತ್ತತೆ ಎಲ್ಲಿ ಹೋಗಿತ್ತು? ಇರಾನಿನಲ್ಲಿ ನಾವೇ ದುಡ್ಡು ಹಾಕಿದ ಚಾಬಹಾರ್ ಬಂದರಿಗೂ ಅಮೆರಿಕದ ವಿನಾಯಿತಿ ಕಾಯಬೇಕಾಯಿತು. ರಷ್ಯಾದ ವಿಷಯದಲ್ಲಿ ಮೂರು ವರ್ಷ ನಡೆದದ್ದು ನಮ್ಮ ಧೈರ್ಯಕ್ಕಿಂತ ಅಮೆರಿಕದ ಅನುಕೂಲದಿಂದ. ಅವರಿಗೆ ಬೇಡ ಅನ್ನಿಸಿದ ದಿನ ದಂಡ ಬಿತ್ತು.

ಅದೇ ರಷ್ಯಾದ ತೈಲವನ್ನು ನಮಗಿಂತ ಜಾಸ್ತಿ ಕೊಂಡ ಚೀನಾಕ್ಕೆ ಆ ದಂಡ ಬೀಳಲಿಲ್ಲ. ಯಾಕೆ? 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಲೋಹಗಳ, ಅವುಗಳಿಂದ ಮಾಡುವ ಅಯಸ್ಕಾಂತಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಕೆಲವೇ ವಾರಗಳಲ್ಲಿ ಅಮೆರಿಕ, ಯುರೋಪಿನ ಕಾರು ಕಂಪನಿಗಳು ಬೊಬ್ಬೆ ಹಾಕಿದವು. ನಮ್ಮ ಸ್ಕೂಟರ್, ಕಾರು ಕಂಪನಿಗಳೂ ಪರದಾಡಿದವು. ಇವರನ್ನು ಬಿಟ್ಟರೆ ಗತಿಯಿಲ್ಲ ಅನ್ನುವಂಥದ್ದು ಕೈಯಲ್ಲಿದ್ದರೆ ಎಲ್ಲರ ಜೊತೆಗೂ ಬೇಕಾದ ಹಾಗೆ ಮಾತಾಡಬಹುದು. ನಮ್ಮ ಕೈಯಲ್ಲಿ ಏನಿದೆ? ಗಾಲ್ವಾನ್‌ನಲ್ಲಿ 20 ಯೋಧರು ಸತ್ತ ಮೇಲೆ 59 ಆ್ಯಪ್ ನಿಷೇಧಿಸಿದೆವು, ಟಿವಿಯಲ್ಲಿ ಚೀನಾ ಸಾಮಾನು ಒಡೆಯುವುದನ್ನು ನೋಡಿದೆವು. 2024-25ರಲ್ಲಿ ಚೀನಾದ ಜೊತೆಗಿನ ವ್ಯಾಪಾರ ಕೊರತೆ ಸುಮಾರು 9,900 ಕೋಟಿ ಡಾಲರ್. ನರಸಾಪುರದ ಫೋನಿಗೂ ಬಿಡಿಭಾಗ ಅಲ್ಲಿಂದ ಬರಬೇಕು.

ವಿಯೆಟ್ನಾಂ ಉದಾಹರಣೆ ಕೊಡುವವರು ಅರ್ಧ ಕಥೆ ಹೇಳುತ್ತಾರೆ. ಅದು ಮೂವರು ನಾಯಕರಿಗೆ ಹಾರ ಹಾಕಿ ಕೂತಿಲ್ಲ. ಆರ್‌ಸಿಇಪಿ ಅನ್ನುವ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದಕ್ಕೆ ಸೇರಿದೆ, ಜಪಾನ್, ಆಸ್ಟ್ರೇಲಿಯಾ ಇರುವ ಪೆಸಿಫಿಕ್ ಒಪ್ಪಂದದಲ್ಲಿದೆ, 2020ರಲ್ಲೇ ಯುರೋಪ್ ಜೊತೆ ಮುಕ್ತ ವ್ಯಾಪಾರ ಶುರು ಮಾಡಿದೆ. ಅಂದರೆ ನಿಯಮಕ್ಕೆ ಕೈ ಕಟ್ಟಿಕೊಂಡಿದೆ, ಅದಕ್ಕೇ ಅಲ್ಲಿ ಬಂಡವಾಳ ಹಾಕುವವನಿಗೆ ಧೈರ್ಯ. ನಾವು 2019ರ ನವೆಂಬರ್‌ನಲ್ಲಿ ಆರ್‌ಸಿಇಪಿಯಿಂದ ಎದ್ದು ಬಂದೆವು. ಇಲ್ಲಿ ಮಾತ್ರ ನನಗೂ ಎರಡು ಮನಸ್ಸು. ನ್ಯೂಜಿಲೆಂಡಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ನಮ್ಮ ಹೆಂಗಸರ ಗತಿ ಏನು ಅನ್ನುವ ಭಯ ಸುಳ್ಳಲ್ಲ. ಹಾಲನ್ನು ಹೊರಗಿಟ್ಟು ಉಳಿದದ್ದಕ್ಕೆ ಚೌಕಾಸಿ ಮಾಡಿ ಸಹಿ ಹಾಕಬಹುದಿತ್ತು. ಎದ್ದು ಬರುವುದು ಸುಲಭ.

ಕೊನೆಗೆ ಗೆಳೆಯರ ಮಾತು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾದ ದಾಳಿಯನ್ನು 141 ದೇಶಗಳು ಖಂಡಿಸಿದವು, 5 ವಿರೋಧಿಸಿದವು, 35 ದೇಶಗಳು ತಟಸ್ಥ. ನಾವು ಆ 35ರಲ್ಲಿ. ಆಮೇಲೂ ಅಂಥ ಎಷ್ಟೋ ಮತದಾನಗಳಲ್ಲಿ ಹಾಗೇ. ಯುರೋಪಿಗೆ ತನ್ನ ಬಾಗಿಲಲ್ಲೇ ನಡೆಯುತ್ತಿದ್ದ ಯುದ್ಧ ಅದು, ಅವರು ಮರೆತಿಲ್ಲ. ಮೂರು ವರ್ಷ ಬಿಟ್ಟು ಪಹಲ್ಗಾಮ್ ದಾಳಿ, ಆಪರೇಷನ್ ಸಿಂಧೂರ. ಟರ್ಕಿ, ಅಜರ್‌ಬೈಜಾನ್ ಬಾಯಿಬಿಟ್ಟು ಪಾಕಿಸ್ತಾನದ ಪರ ನಿಂತವು, ಚೀನಾದ ವಿಮಾನಗಳನ್ನು ಪಾಕಿಸ್ತಾನ ನಮ್ಮ ಮೇಲೆ ಹಾರಿಸಿತು. ನಮ್ಮ ರಷ್ಯಾ, ನಮ್ಮ ಅಮೆರಿಕ, ಇಬ್ಬರೂ ಎರಡೂ ಕಡೆಯವರು ಸಮಾಧಾನದಿಂದಿರಿ ಅಂದರು. ಕದನದ ನಡುವೆಯೇ, ಮೇ 9ರಂದು, ಪಾಕಿಸ್ತಾನಕ್ಕೆ ಸುಮಾರು 100 ಕೋಟಿ ಡಾಲರಿನ ಸಾಲದ ಕಂತು ಬಿಡುವ ವಿಷಯ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮಂಡಳಿಯ ಮುಂದೆ ಬಂತು. ಭಾರತ ಆಕ್ಷೇಪ ದಾಖಲಿಸಿ ಮತ ಹಾಕದೆ ಉಳಿಯಿತು. ಕಂತು ಬಿಡುಗಡೆ ಆಯಿತು. ಆ ಮಂಡಳಿಯಲ್ಲಿ ನಮ್ಮ ಮತದ ತೂಕ ಶೇ 3ಕ್ಕೂ ಕಡಿಮೆ, ಯುರೋಪಿನ ದೇಶಗಳದ್ದು ಒಟ್ಟಾರೆ ಕಾಲು ಭಾಗಕ್ಕಿಂತ ಜಾಸ್ತಿ.